ರೋಸಾ ಪಾರ್ಕ್ಸ್ ಸೀಟು ಬಿಡಲಿಲ್ಲ, ಸರಿ. ಊರಿಗೆ ಊರೇ ಬಸ್ ಹತ್ತದ ಹಾಗೆ ಮಾಡಿದ್ದು ಯಾರು?

ಸಮಾಜ ಮೇಡಂ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡ್ತೀನಿ. ಮಹಿಳಾ ದಿನಾಚರಣೆ ಹತ್ತಿರ ಬಂತಲ್ಲ, ಹತ್ತನೇ ತರಗತಿಯ ಮಕ್ಕಳಿಗೆ ರೋಸಾ ಪಾರ್ಕ್ಸ್ ಕಥೆ ಹೇಳಿದೆ. ಎಲ್ಲರೂ ಹೇಳೋ ಹಾಗೇ ಹೇಳಿದೆ. 1955ರ ಡಿಸೆಂಬರ್ 1, ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಪಟ್ಟಣ. ದಿನವಿಡೀ ಹೊಲಿಗೆ ಕೆಲಸ ಮಾಡಿ ದಣಿದ ಕಪ್ಪು ಹೆಂಗಸು ಬಸ್ಸಲ್ಲಿ ಕೂತಿದ್ದಾರೆ. ಬಿಳಿಯನಿಗೆ ಸೀಟು ಬಿಡು ಅಂತಾನೆ ಡ್ರೈವರ್. ಏಳೋದಿಲ್ಲ. ಪೊಲೀಸರು ಹಿಡಿದುಕೊಂಡು ಹೋಗ್ತಾರೆ. ಸೋಮವಾರದಿಂದ ಕಪ್ಪು ಜನ ಬಸ್ ಹತ್ತೋದನ್ನೇ ಬಿಟ್ಟರು, ಒಂದು ವರ್ಷದ ಮೇಲೆ ಕಾನೂನು ಬದಲಾಯಿತು.

ಕೊನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಮಿಸ್, ಅರೆಸ್ಟ್ ಆಗಿದ್ದು ಗುರುವಾರ ಸಂಜೆ. ಸೋಮವಾರ ಬೆಳಗ್ಗೆ ಬಸ್ಸು ಖಾಲಿ. ನಡುವೆ ಇರೋದು ಮೂರು ದಿನ. ಅಷ್ಟು ಜನಕ್ಕೆ ಹೇಳಿದ್ದು ಯಾರು?"

ನಮ್ಮೂರಲ್ಲಿ ಗ್ರಾಮಸಭೆ ಇದೆ ಅಂತ ನಾಲ್ಕು ಬೀದಿಗೆ ತಿಳಿಸೋಕೇ ಎರಡು ದಿನ ತಮಟೆ ಸಾರ್ತಾರೆ, ಆದರೂ ಅರ್ಧ ಜನಕ್ಕೆ ಗೊತ್ತಾಗಿರೋಲ್ಲ. ಅವಳ ಪ್ರಶ್ನೆ ನ್ಯಾಯವಾದದ್ದು. ನಾಳೆ ಹೇಳ್ತೀನಿ ಅಂತ ಕೂರಿಸಿದೀನಿ. ತಿಳಿದವರು ದಯವಿಟ್ಟು ಬರೀರಿ.

ಪೀಚ್‌ಟ್ರೀ ಕನ್ನಡತಿ · ಸೋಮವಾರ, ರಾತ್ರಿ 11:15

ಮೇಡಂ, ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಹದಿನಾರು ವರ್ಷದಿಂದ ಅಟ್ಲಾಂಟಾದಲ್ಲಿದ್ದೀನಿ. ಮಾಂಟ್‌ಗೊಮರಿ ನಮ್ಮನೆಯಿಂದ ಕಾರಲ್ಲಿ ಎರಡೂವರೆ ಗಂಟೆ ದಾರಿ. ರೋಸಾ ಅವರನ್ನು ಬಂಧಿಸಿದ ಜಾಗದಲ್ಲೇ ಈಗ ಮ್ಯೂಸಿಯಂ ಇದೆ. ಊರಿಂದ ಬಂದವರನ್ನೆಲ್ಲ ಅಲ್ಲಿಗೆ ಕರ್ಕೊಂಡು ಹೋಗ್ತೀನಿ.

ಅವಳ ಪ್ರಶ್ನೆಗೆ ಉತ್ತರ ಜೋ ಆನ್ ರಾಬಿನ್ಸನ್. ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡ್ತಿದ್ದವರು. 1949ರಲ್ಲಿ, ಆ ಊರಿಗೆ ಹೊಸಬರಾಗಿದ್ದಾಗ, ಕ್ರಿಸ್ಮಸ್ ರಜೆಗೆ ಹೊರಟಿದ್ದರು. ಬಸ್ಸು ಹೆಚ್ಚುಕಮ್ಮಿ ಖಾಲಿ. ಏನೋ ಯೋಚನೆಯಲ್ಲಿ ಮುಂದಿನ ಭಾಗದ ಒಂದು ಸೀಟಲ್ಲಿ ಕೂತುಬಿಟ್ಟರು. ಡ್ರೈವರ್ ಗಾಡಿ ನಿಲ್ಲಿಸಿ ಹತ್ತಿರ ಬಂದು, ಹೊಡೆಯೋನ ಹಾಗೆ ಕೈ ಎತ್ತಿ ಕೂಗಾಡಿದ. ಅಳ್ತಾ ಇಳಿದು ಓಡಿದರು. ಕಾಲೇಜಿನ ಪ್ರಾಧ್ಯಾಪಕಿ! ಆ ಅವಮಾನ ಅವರನ್ನು ಬಿಡಲಿಲ್ಲ. ಸಹೋದ್ಯೋಗಿ ಮೇರಿ ಫೇರ್ ಬರ್ಕ್ಸ್ 1946ರಲ್ಲಿ ಮಹಿಳಾ ರಾಜಕೀಯ ಮಂಡಳಿ ಅಂತ ಒಂದು ಸಂಘ ಕಟ್ಟಿದ್ದರು. ಸದಸ್ಯರು ಹೆಚ್ಚಾಗಿ ಟೀಚರುಗಳು, ಓದಿದ ಹೆಂಗಸರು. ರಾಬಿನ್ಸನ್ 1950ರಲ್ಲಿ ಅದರ ಅಧ್ಯಕ್ಷೆಯಾದರು. ಬಸ್ಸಿನ ವಿಷಯವನ್ನು ಸಂಘದ ಮೊದಲ ಕೆಲಸ ಮಾಡಿಕೊಂಡರು.

1954ರ ಮೇ 21ರಂದು ಮೇಯರ್ ಗೇಲ್‌ಗೆ ಪತ್ರ ಬರೆದರು. ಪ್ರತ್ಯೇಕ ಶಾಲೆಗಳು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು ನಾಲ್ಕೇ ದಿನ ಆಗಿತ್ತು. ಬಸ್ಸಲ್ಲಿ ಓಡಾಡೋರಲ್ಲಿ ಮುಕ್ಕಾಲು ಪಾಲು ಕಪ್ಪು ಜನ, ಅವರು ಹತ್ತದಿದ್ದರೆ ಬಸ್ಸುಗಳು ನಡೆಯೋದಿಲ್ಲ, ಹತ್ತಬಾರದು ಅನ್ನೋ ಮಾತು ಊರಲ್ಲಿ ಈಗಾಗಲೇ ಎದ್ದಿದೆ ಅಂತ ವಿನಯವಾಗಿ, ಆದರೆ ಸ್ಪಷ್ಟವಾಗಿ ಬರೆದರು. ರೋಸಾ ಪಾರ್ಕ್ಸ್ ಬಂಧನಕ್ಕೆ ಒಂದೂವರೆ ವರ್ಷ ಮೊದಲಿನ ಪತ್ರ ಇದು. ಮಕ್ಕಳಿಗೆ ಇದನ್ನ ಮರೀದೆ ಹೇಳಿ.

ಆ ಗುರುವಾರ ರಾತ್ರಿ ಸುದ್ದಿ ಬಂದಾಗ ಅವರು ಯಾರ ಅಪ್ಪಣೆಗೂ ಕಾಯಲಿಲ್ಲ. ನಡುರಾತ್ರಿ ಕಾಲೇಜಿಗೆ ಹೋದರು. ಅಲ್ಲಿನ ವಾಣಿಜ್ಯ ವಿಭಾಗದ ಮುಖ್ಯಸ್ಥರು ಜೊತೆಗೆ ಬಂದರು, ನಂಬಿಕಸ್ಥ ವಿದ್ಯಾರ್ಥಿಗಳಿಬ್ಬರು ಬಂದರು. ಸೈಕ್ಲೋಸ್ಟೈಲ್ ಮಿಷನ್‌ನಲ್ಲಿ ಬೆಳಗಿನ ಜಾವದ ತನಕ ಕರಪತ್ರ ತೆಗೆದರು. ಒಂದು ಹಾಳೆಗೆ ಮೂರು ಸಲ ಅದೇ ಒಕ್ಕಣೆ, ಆಮೇಲೆ ಕತ್ತರಿಸೋದು. ಹತ್ತಾರು ಸಾವಿರ ಪ್ರತಿ. ಇನ್ನೊಬ್ಬ ಹೆಂಗಸನ್ನು ಬಸ್ಸಲ್ಲಿ ಸೀಟು ಬಿಡಲಿಲ್ಲ ಅಂತ ಜೈಲಿಗೆ ಹಾಕಿದ್ದಾರೆ, ಸೋಮವಾರ ಕೆಲಸಕ್ಕಾಗಲಿ ಪೇಟೆಗಾಗಲಿ ಶಾಲೆಗಾಗಲಿ ಯಾರೂ ಬಸ್ ಹತ್ತಬೇಡಿ ಅನ್ನೋದು ಅದರ ಸಾರ.

ಆ ಕಾಲೇಜು ಸರ್ಕಾರದ್ದು. ಸಿಕ್ಕಿಬಿದ್ದಿದ್ದರೆ ನೌಕರಿ ಹೋಗ್ತಿತ್ತು.

ಸ್ಟೆನ್ಸಿಲ್ ಅಮ್ಮ · ಮಂಗಳವಾರ, ಬೆಳಗ್ಗೆ 6:05

ಸೈಕ್ಲೋಸ್ಟೈಲ್ ಅಂತ ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ಮೈಸೂರಿನ ಒಂದು ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿ, ಆ ಮಿಷನ್ ಜೊತೆ ಇಪ್ಪತ್ತು ವರ್ಷ ಕಳೆದಿದ್ದೇನೆ. ಈಗಿನ ಮಕ್ಕಳಿಗೆ ಒಂದು ಗುಂಡಿ ಒತ್ತಿದರೆ ಸಾವಿರ ಜನಕ್ಕೆ ಮೆಸೇಜ್ ಹೋಗುತ್ತೆ. ಆ ರಾತ್ರಿ ಎಂಥದ್ದು ಅಂತ ಗೊತ್ತಾಗಬೇಕಾದರೆ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಹೇಳಿ.

ಮೇಣ ಹಚ್ಚಿದ ತೆಳ್ಳನೆ ಸ್ಟೆನ್ಸಿಲ್ ಹಾಳೆ. ಟೈಪ್‌ರೈಟರ್‌ನ ರಿಬ್ಬನ್ ತಪ್ಪಿಸಿ ಬರಿಯ ಅಚ್ಚಿನಿಂದ ಕುಟ್ಟಬೇಕು, ಅಕ್ಷರ ಹಾಳೆಯನ್ನು ಕೊರೆಯಬೇಕು. ಮೆಲ್ಲಗೆ ಕುಟ್ಟಿದರೆ ಅಕ್ಷರ ಮೂಡೋಲ್ಲ, ಜೋರಾಗಿ ಕುಟ್ಟಿದರೆ ದುಂಡಗಿನ ಅಕ್ಷರಗಳ ಹೊಟ್ಟೆ ಉದುರಿ ತೂತು ಬೀಳುತ್ತೆ. ತಪ್ಪಾದರೆ ಕರೆಕ್ಷನ್ ದ್ರವ ಹಚ್ಚಿ, ಊದಿ ಒಣಗಿಸಿ, ಅದೇ ಜಾಗಕ್ಕೆ ಮತ್ತೆ ಕುಟ್ಟಬೇಕು. ಆಮೇಲೆ ಮಿಷನ್ನಿನ ಮಸಿ ಡ್ರಮ್ಮಿಗೆ ಸುಕ್ಕಿಲ್ಲದೆ ಸುತ್ತಬೇಕು, ಕೊರೆದ ಅಕ್ಷರದ ಮೂಲಕ ಮಸಿ ಇಳಿದು ಕಾಗದಕ್ಕೆ ಅಚ್ಚು ಬೀಳುತ್ತೆ. ಒಂದು ಸುಕ್ಕು ಉಳಿದರೂ ಪ್ರತಿ ಹಾಳೆಯಲ್ಲೂ ಕಪ್ಪು ಗೆರೆ. ಹಾಳೆ ಎರಡೆರಡು ಅಂಟಿಕೊಂಡು ಹೋಗುತ್ತೆ, ಮಿಷನ್ ನಿಲ್ಲಿಸಿ ಬಿಡಿಸಬೇಕು. ಮಸಿ ಒಣಗೋ ಮೊದಲೇ ಒಂದರ ಮೇಲೊಂದು ಬಿದ್ದರೆ ಹಿಂಭಾಗಕ್ಕೆಲ್ಲ ಅಚ್ಚು ಹತ್ತುತ್ತೆ. ಬೆಳಗಾಗುವಷ್ಟರಲ್ಲಿ ಉಗುರಿನ ಸಂದಿಯೆಲ್ಲ ಕಪ್ಪು. ಸೀಮೆಎಣ್ಣೆ ಹಾಕಿ ಉಜ್ಜಿದರೂ ಎರಡು ದಿನ ಹೋಗೋಲ್ಲ.

ನಮ್ಮ ಕಚೇರಿಯಲ್ಲಿ ಒಂದು ಸಲ ನಾಲ್ಕು ಸಾವಿರ ಸುತ್ತೋಲೆ ತೆಗೆಯೋಕೆ ಇಬ್ಬರು ಸೇರಿ ಒಂದಿಡೀ ದಿನ ಹಿಡಿದಿತ್ತು. ಇವರು ಸದ್ದಾಗದ ಹಾಗೆ, ಇನ್ನೊಬ್ಬರ ಕಾಗದದಲ್ಲಿ, ಒಂದೇ ರಾತ್ರಿಯಲ್ಲಿ ಹತ್ತಾರು ಸಾವಿರ ತೆಗೆದಿದ್ದಾರೆ. ಆ ಹೆಂಗಸಿನ ಕೈ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಡ್ರೈವರ್ ಕಾಕಾ, ಹುಬ್ಬಳ್ಳಿ · ಮಂಗಳವಾರ, ಬೆಳಗ್ಗೆ 8:30

ನಮಸ್ಕಾರ್ರೀ ಮೇಡಂ. ನಾ ಇಪ್ಪತ್ತೆಂಟು ವರ್ಷ ಸಿಟಿ ಬಸ್ ಹೊಡದಾಂವ, ಈಗ ರಿಟೈರ್ ಆಗೀನಿ. ಈ ಕಥೀ ಕೇಳಿದಾಗೆಲ್ಲಾ ನನ್ನ ಕಣ್ಣು ಮೊದಲ ಡ್ರೈವರ್ ಸೀಟಿನ ಕಡೆ ಹೋಗ್ತದ.

ಆ ಬಸ್ಸಿನೊಳಗಿನ ಲೆಕ್ಕ ಹುಡುಗ್ಯಾರಿಗೆ ಬೋರ್ಡಿನ ಮ್ಯಾಲೆ ಬರದು ತೋರಸ್ರಿ. ಒಟ್ಟು 36 ಸೀಟು. ಮುಂದಿನ 10 ಬಿಳಿಯರಿಗೆ ಮೀಸಲು, ಬಸ್ಸಿನಾಗ ಒಬ್ಬ ಬಿಳಿಯಾಂವ ಇಲ್ಲದಿದ್ರೂ ಖಾಲಿ ಬಿಡಬೇಕು. ಹಿಂದಿನ 10 ಕಪ್ಪು ಮಂದಿಗೆ. ನಡುವಿನ 16 ಡ್ರೈವರ್ ಹೇಳಿದಂಗ. ರೋಸಾ ಬಾಯಾರು ಕುಂತಿದ್ದು ಈ ನಡುವಿನ ಮೊದಲ ಸಾಲಿನಾಗ. ಅಂದ್ರ ಅವರು ಬಿಳಿಯರ ಸೀಟಿನಾಗ ಕುಂತಿದ್ರು ಅನ್ನೂ ಮಾತು ತಪ್ಪು. ನಿಂತಾಂವ ಒಬ್ಬನೇ ಬಿಳಿಯ, ಆದ್ರ ಅವನ ಸಾಲಿನಾಗ ಕಪ್ಪು ಮಂದಿ ಕುಂಡ್ರಬಾರದು ಅಂತ ಡ್ರೈವರ್ ನಾಲ್ಕೂ ಮಂದಿನ್ನ ಏಳಸ್ಲಿಕ್ಕೆ ಹ್ವಾದ. ಮೂವರು ಎದ್ರು. ಇವರು ಕಿಟಕಿ ಕಡೆ ಸರಕೊಂಡು ಕುಂತ್ರು.

ಇನ್ನೊಂದು ಪದ್ಧತಿ ಇತ್ತು. ಮುಂದಿನ ಬಾಗಿಲದಾಗ ಹತ್ತಿ ರೊಕ್ಕಾ ಹಾಕಬೇಕು, ಇಳದು ಹೋಗಿ ಹಿಂದಿನ ಬಾಗಿಲದಾಗ ಹತ್ತಬೇಕು. ಎಷ್ಟೋ ಸಲ ಅವರು ಹಿಂದ ಬರೂದ್ರಾಗ ಗಾಡಿ ಬಿಟ್ಟೇ ಬಿಡತಿದ್ರಂತ. ಹತ್ತೂ ಮನಶ್ಯಾನ ಎರಡೂ ಕಾಲು ಒಳಗ ಬರೂತನಕಾ ಗೇರ್ ಹಾಕಬಾರದು ಅನ್ನೂದು ನಮಗ ಕಲಿಸಿದ ಮೊದಲ ಪಾಠರೀ. ರೊಕ್ಕಾ ತಗೊಂಡು ಮಂದೀನ್ನ ಬಿಟ್ಟು ಹೋಗೂ ಡ್ರೈವರ್ ಡ್ರೈವರ್ ಅಲ್ಲ. ಇದೇ ಡ್ರೈವರ್, ಜೇಮ್ಸ್ ಬ್ಲೇಕ್ ಅನ್ನಾಂವ, 1943ರಾಗ ರೋಸಾ ಬಾಯಾರನ್ನ ಹಿಂದಿನ ಬಾಗಿಲ ಸಲುವಾಗಿ ಕೆಳಗ ಇಳಿಸಿದ್ದ. ಆವತ್ತಿನಿಂದ ಅವನ ಗಾಡಿ ಅಂತ ಗೊತ್ತಾದ್ರ ಅವರು ಹತ್ತತಿದ್ದಿಲ್ಲ. 12 ವರ್ಷದ ಮ್ಯಾಲೆ, ಮಾರಿ ನೋಡದ ಹತ್ತಿದ್ರು, ಅವನೇ ಇದ್ದ.

ಕಲೆಕ್ಷನ್ ಮಾತೂ ಹೇಳ್ತೀನಿ. ಗಾಡಿ ಖಾಲಿ ಓಡಿದ್ರೂ ಎಣ್ಣಿ ಅಷ್ಟೇ, ಟೈರು ಅಷ್ಟೇ, ಪಗಾರ ಅಷ್ಟೇ. ನಾಲ್ಕರಾಗ ಮೂರು ಪಾಲು ಮಂದಿ ಹತ್ತಲಿಲ್ಲ ಅಂದ್ರ ಯಾವ ರೂಟೂ ತಾಳೂದಿಲ್ಲ. ಮಾಂಟ್‌ಗೊಮರಿಯೊಳಗ ಟ್ರಿಪ್ ಕಡಿಮಿ ಮಾಡಿದ್ರು, ರೂಟೇ ಬಂದ್ ಮಾಡಿದ್ರು. ರಾಬಿನ್ಸನ್ ಬಾಯಾರು ಮೇಯರಗ ಬರದ ಪತ್ರದಾಗ ಈ ಲೆಕ್ಕಾ ಮೊದಲ ಹೇಳಿದ್ರು ನೋಡ್ರಿ.

ಸಮಾಜ ಮೇಡಂ · ಮಂಗಳವಾರ, ಮಧ್ಯಾಹ್ನ 1:20

ಕಾಕಾ, ಅಮ್ಮ, ಅಕ್ಕ, ಎಲ್ಲರಿಗೂ ತುಂಬಾ ಧನ್ಯವಾದ. ಸೀಟಿನ ಚಿತ್ರ ಬೋರ್ಡಿನ ಮೇಲೆ ಬರೆದೆ. ಮಕ್ಕಳು ಎದ್ದು ಬಂದು 36 ಚೌಕ ಎಣಿಸಿದರು.

ನನಗೆ ಈಗ ಇನ್ನೊಂದು ಕಡೆ ಕೊರೀತಿದೆ. "ದಣಿದಿದ್ದರು, ಅದಕ್ಕೇ ಏಳಲಿಲ್ಲ" ಅಂತ ಹದಿನೈದು ವರ್ಷದಿಂದ ಹೇಳಿಕೊಂಡು ಬಂದಿದೀನಿ. ಅದು ಸರಿಯಾ?

ಪೀಚ್‌ಟ್ರೀ ಕನ್ನಡತಿ · ಮಂಗಳವಾರ, ಸಂಜೆ 5:45

ಸರಿಯಲ್ಲ ಮೇಡಂ. ತಮಗೆ ಮೈ ದಣಿದಿರಲಿಲ್ಲ, ಬಗ್ಗಿ ಬಗ್ಗಿ ಸಾಕಾಗಿತ್ತು ಅಂತ ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಆಗ ಅವರಿಗೆ 42 ವರ್ಷ. ಕಪ್ಪು ಜನರ ಹಕ್ಕಿಗಾಗಿ ದುಡಿಯುವ ಎನ್‌ಎಎಸಿಪಿ ಸಂಘದ ಸ್ಥಳೀಯ ಶಾಖೆಗೆ 1943ರಲ್ಲೇ ಕಾರ್ಯದರ್ಶಿಯಾಗಿದ್ದವರು. 1944ರಲ್ಲಿ ಆಬ್ಬೆವಿಲ್ ಎಂಬ ಊರಿನಲ್ಲಿ ರೀಸಿ ಟೇಲರ್ ಎಂಬ ಕಪ್ಪು ತಾಯಿಯ ಮೇಲೆ ಆರು ಜನ ಬಿಳಿಯರು ಅತ್ಯಾಚಾರ ಮಾಡಿದಾಗ, ಆಕೆಯ ಮಾತು ಕೇಳಿ ಬರೆದುಕೊಂಡು ಬರೋಕೆ ಹೋದವರು ಇದೇ ರೋಸಾ. ನ್ಯಾಯಕ್ಕಾಗಿ ಸಮಿತಿ ಕಟ್ಟಿದರು. ಆರೋಪಿಗಳ ಮೇಲೆ ಕೇಸೇ ನಿಲ್ಲಲಿಲ್ಲ. ಇಂಥ ಎಷ್ಟೋ ಸೋಲುಗಳನ್ನು ಕಡತಕ್ಕೆ ಹಾಕಿಟ್ಟ ಕೈ ಅದು. 1955ರ ಬೇಸಿಗೆಯಲ್ಲಿ, ಬಂಧನಕ್ಕೆ ಕೆಲವೇ ತಿಂಗಳ ಮೊದಲು, ಹೋರಾಟಗಾರರಿಗೆ ತರಬೇತಿ ಕೊಡ್ತಿದ್ದ ಟೆನ್ನೆಸಿಯ ಹೈಲ್ಯಾಂಡರ್ ಜಾನಪದ ಶಾಲೆಯಲ್ಲಿ ಎರಡು ವಾರದ ಶಿಬಿರಕ್ಕೂ ಹೋಗಿದ್ದರು. ಅಲ್ಲಿ ಬಿಳಿಯರು, ಕಪ್ಪು ಜನ ಒಂದೇ ಮೇಜಿನಲ್ಲಿ ಊಟ ಮಾಡ್ತಿದ್ದರು.

"ಪಾಪ, ದಣಿದ ಹೆಂಗಸು" ಅಂದರೆ ಕರುಣೆ ಬರುತ್ತೆ, ಆದರೆ ಹನ್ನೆರಡು ವರ್ಷದ ಕೆಲಸ ಒಂದೇ ಏಟಿಗೆ ಅಳಿಸಿಹೋಗುತ್ತೆ. ನನಗೆ ಸಿಟ್ಟು ಬರೋದು ಅಲ್ಲೇ.

ನಿರಂತರ · ಮಂಗಳವಾರ, ರಾತ್ರಿ 8:10

ನಾನು ಕಾನೂನು ವಿದ್ಯಾರ್ಥಿ. ಒಂದು ಆಕ್ಷೇಪ ಇದೆ, ತಪ್ಪು ತಿಳೀಬೇಡಿ. ಬಹಿಷ್ಕಾರ ದೊಡ್ಡದೇ, ಆದರೆ ಬಸ್ಸಿನ ನಿಯಮ ಬದಲಾಗಿದ್ದು ಅದರಿಂದಲ್ಲ, ಕೋರ್ಟಿನಿಂದ. ರೋಸಾ ಅವರ ಕೇಸು ರಾಜ್ಯದ ಕೋರ್ಟುಗಳಲ್ಲೇ ಸಿಕ್ಕಿಕೊಂಡಿತ್ತು. 1955ರ ಡಿಸೆಂಬರ್ 5ರಂದು ಅವರಿಗೆ 10 ಡಾಲರ್ ದಂಡ, 4 ಡಾಲರ್ ಖರ್ಚು ಹಾಕಿದ್ದರು, ಅದರ ಮೇಲೆ ಮೇಲ್ಮನವಿ ನಡೀತಿತ್ತು. ವಕೀಲ ಫ್ರೆಡ್ ಗ್ರೇ 1956ರ ಫೆಬ್ರವರಿ 1ರಂದು ಫೆಡರಲ್ ಕೋರ್ಟಿನಲ್ಲಿ, ಅಂದರೆ ಕೇಂದ್ರದ ಕೋರ್ಟಿನಲ್ಲಿ, ಬೇರೆಯದೇ ದಾವೆ ಹೂಡಿದರು. ಅದೇ ಬ್ರೌಡರ್ ವಿರುದ್ಧ ಗೇಲ್. ಜೂನ್ 5ರಂದು ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಬಸ್ಸಿನ ಪ್ರತ್ಯೇಕತೆ ಸಂವಿಧಾನಬಾಹಿರ ಅಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದೇಶ ಊರಿಗೆ ತಲುಪಿದ್ದು ಡಿಸೆಂಬರ್ 20ಕ್ಕೆ. ಅಲ್ಲಿಯವರೆಗೆ 381 ದಿನ.

ಇನ್ನೊಂದು ಮಾತು ಸೇರಿಸಲೇಬೇಕು. ತೀರ್ಪು ಬಂದಾಗ ಆ ದಾವೆಯಲ್ಲಿ ವಾದಿಗಳಾಗಿ ಉಳಿದಿದ್ದವರು ನಾಲ್ವರೂ ಹೆಂಗಸರು: ಆರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿ ಸ್ಮಿತ್, ಕ್ಲಾಡೆಟ್ ಕೋಲ್ವಿನ್. ಐದನೆಯವರೊಬ್ಬರು ಬೆದರಿಕೆಗಳ ನಡುವೆ ಹಿಂದೆ ಸರಿದರು. ನಾನು ಓದಿದ ಪುಸ್ತಕದಲ್ಲಿ ಈ ಹೆಸರುಗಳು ಅಡಿಟಿಪ್ಪಣಿಯಲ್ಲಿದ್ದವು.

ಪೀಚ್‌ಟ್ರೀ ಕನ್ನಡತಿ · ಮಂಗಳವಾರ, ರಾತ್ರಿ 10:30

ನಿರಂತರ, ತಪ್ಪು ತಿಳಿಯೋದೇನಿದೆ, ಒಳ್ಳೇ ಜಾಗಕ್ಕೆ ತಂದಿರಿ. ಮೇಡಂ, ನಿಮ್ಮ ಹತ್ತನೇ ತರಗತಿಗೆ ಹೇಳಬೇಕಾದ ಹೆಸರು ಕ್ಲಾಡೆಟ್ ಕೋಲ್ವಿನ್.

1955ರ ಮಾರ್ಚ್ 2. ರೋಸಾಗಿಂತ ಒಂಬತ್ತು ತಿಂಗಳ ಹಿಂದೆ. ಕ್ಲಾಡೆಟ್‌ಗೆ 15 ವರ್ಷ, ಶಾಲೆ ಬಿಟ್ಟು ಮನೆಗೆ ಹೊರಟಿದ್ದಳು. ಆ ದಿನಗಳಲ್ಲಿ ಶಾಲೆಯಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ಹೆಂಗಸರಾದ ಹ್ಯಾರಿಯೆಟ್ ಟಬ್‌ಮನ್, ಸೋಜರ್ನರ್ ಟ್ರೂತ್ ಅವರ ಬಗ್ಗೆ ಪಾಠ ಆಗಿತ್ತು. ಎದ್ದೇಳು ಅಂದಾಗ ಒಂದು ಭುಜದ ಮೇಲೆ ಟಬ್‌ಮನ್, ಇನ್ನೊಂದರ ಮೇಲೆ ಟ್ರೂತ್ ಕೈಯಿಟ್ಟು ಒತ್ತಿ ಕೂರಿಸಿದ ಹಾಗಾಯಿತು ಅಂತ ಆಮೇಲೆ ಹೇಳಿದ್ದಾಳೆ. ಇದು ನನ್ನ ಸಂವಿಧಾನಬದ್ಧ ಹಕ್ಕು ಅಂತ ಕೂಗಿದಳು. ಪೊಲೀಸರು ಎಳೆದು ಇಳಿಸಿ ಕೋಳ ಹಾಕಿದರು.

ಮುಂದಾಳುಗಳು ಅವಳನ್ನು ಮುಂದಿಟ್ಟು ಹೋರಾಟ ಮಾಡೋಣವೇ ಅಂತ ಯೋಚಿಸಿ ಕೈಬಿಟ್ಟರು. ವಯಸ್ಸು ಚಿಕ್ಕದು, ಬಡವರ ಕೇರಿ, ಮಾತು ಒರಟು ಅಂದರು. ಅವಳ ಮೈಬಣ್ಣ ಹೆಚ್ಚು ಕಪ್ಪು ಅನ್ನೋದೂ ಇತ್ತು ಅಂತ ಅವಳೇ ಹೇಳಿದ್ದಾಳೆ. ಆಮೇಲೆ, ಮದುವೆಯಾಗದೆ ಬಸುರಿಯಾದಳು. ಊರಲ್ಲಿ ಮುಖ ತೋರಿಸೋದು ಕಷ್ಟವಾಯಿತು. ಆದರೂ 1956ರ ಮೇ ತಿಂಗಳಲ್ಲಿ, ಕೈಗೂಸು ಮನೆಯಲ್ಲಿರುವಾಗ, ಫೆಡರಲ್ ಕೋರ್ಟಿನ ಕಟಕಟೆ ಹತ್ತಿದಳು. ನಿಮ್ಮ ನಾಯಕ ಯಾರು, ನಿಮ್ಮನ್ನು ಎತ್ತಿಕಟ್ಟಿದ್ದು ಯಾರು ಅಂತ ನಗರದ ವಕೀಲರು ಕೆದಕಿದರು. ನಮ್ಮ ನಾಯಕರು ಅಂದರೆ ನಾವೇ ಅಂದಳು. ಆಗ ಅವಳಿಗೆ 16.

ಸ್ಟೆನ್ಸಿಲ್ ಅಮ್ಮ · ಬುಧವಾರ, ಬೆಳಗ್ಗೆ 6:20

ಓದಿ ಕಣ್ಣು ತುಂಬಿತು. ಆದರೂ ಒಂದು ಮಾತು. ಆ ಹಿರಿಯರನ್ನು ಸುಲಭವಾಗಿ ಬೈಯೋಕೆ ನನಗೆ ಮನಸ್ಸಾಗುತ್ತಿಲ್ಲ. ಆ ಮಗುವನ್ನು ಮುಂದೆ ನಿಲ್ಲಿಸಿದ್ದರೆ ಪತ್ರಿಕೆಗಳು ಅವಳನ್ನು ಹರಿದು ತಿನ್ನುತ್ತಿದ್ದವು. ಎದುರಿಗಿದ್ದವರು ಒಂದು ತಪ್ಪಿಗಾಗಿ ಕಾಯುತ್ತಿದ್ದರು. ರೋಸಾ ಅಂಥವರ ಮೇಲೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ.

ಪೀಚ್‌ಟ್ರೀ ಕನ್ನಡತಿ · ಬುಧವಾರ, ಬೆಳಗ್ಗೆ 7:05

ಅಮ್ಮ, ನಿಮ್ಮ ಮಾತು ತೆಗೆದುಹಾಕೋ ಹಾಗಿಲ್ಲ. ಆದರೆ ಆಮೇಲೆ? ಗೆದ್ದ ಮೇಲಾದರೂ ಅವಳ ಹೆಸರು ಹೇಳಬಹುದಿತ್ತಲ್ಲ. 1958ರಲ್ಲಿ ನ್ಯೂಯಾರ್ಕಿಗೆ ಹೋದಳು. ಮುಂದೆ ವೃದ್ಧರ ಆರೈಕೆ ಮನೆಯೊಂದರಲ್ಲಿ ಮೂವತ್ತೈದು ವರ್ಷ ರಾತ್ರಿ ಪಾಳಿಯ ಆಯಾ ಕೆಲಸ ಮಾಡಿದಳು. ಪೊಲೀಸರ ಮೇಲೆ ಕೈ ಮಾಡಿದಳು ಅಂತ ಆ ಬಂಧನದಲ್ಲಿ ಹೊರಿಸಿದ್ದ ಬಾಲಾಪರಾಧದ ದಾಖಲೆಯನ್ನು ಕೋರ್ಟು ಅಳಿಸಿದ್ದು 2021ರಲ್ಲಿ, ಅವಳಿಗೆ 82 ವರ್ಷ ಆದಾಗ. "ಇಂಥವಳು ಬೇಡ" ಅನ್ನೋ ಮಾತು ನಮ್ಮ ಮನೆಗಳಲ್ಲೂ ಎಷ್ಟು ಸಲೀಸಾಗಿ ಬರುತ್ತೆ ಅಮ್ಮ. ನನಗದು ನುಂಗೋಕಾಗಲ್ಲ.

ಡ್ರೈವರ್ ಕಾಕಾ, ಹುಬ್ಬಳ್ಳಿ · ಬುಧವಾರ, ಬೆಳಗ್ಗೆ 9:00

ಇಬ್ಬರ ಮಾತೂ ಖರೇ ಅದಾವ. ನನಗ ಮೊಮ್ಮಗಳು ಅದಾಳು, ಹದಿನೈದರಾಕಿ. ಆಕೀನ್ನ ನಾನೂ ಮುಂದ ನಿಂದರಸ್ತಿದ್ದಿಲ್ಲ. ಆದ್ರ ಆಕಿ ಹೆಸರು ಮುಚ್ಚೂದೂ ಇಲ್ಲ.

ಒಂದು ಕೇಳೂದದ. 381 ದಿನಾ ಮಂದಿ ಕೆಲಸಕ್ಕ ಹೋಗಿದ್ದು ಹ್ಯಾಂಗ? ನಮ್ಮಲ್ಲಿ ಎರಡು ದಿನ ಬಸ್ ಮುಷ್ಕರ ಆದ್ರ ಊರೇ ತಡಾಬಡಾ ಆಗ್ತದ.

ಪೀಚ್‌ಟ್ರೀ ಕನ್ನಡತಿ · ಬುಧವಾರ, ಸಂಜೆ 6:15

ಕಾಕಾ, ಮೊದಲಿಗೆ ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನ ದರ 10 ಸೆಂಟಿಗೇ ಕೂರಿಸಿಕೊಂಡವು. ನಗರದವರು ಕನಿಷ್ಠ ದರ 45 ಸೆಂಟು ತಗೋಬೇಕು ಅನ್ನೋ ಹಳೇ ನಿಯಮ ಹಿಡಿದು ಅದನ್ನ ನಿಲ್ಲಿಸಿದರು. ಆಮೇಲೆ ಸ್ವಂತ ಕಾರುಗಳ ಸರದಿ. ಸುಮಾರು 300 ಕಾರು, ಹತ್ತೋಕೆ ನಲವತ್ತಕ್ಕೂ ಹೆಚ್ಚು ಸ್ಟಾಪು, ವೇಳಾಪಟ್ಟಿ ಎಲ್ಲ. ಚರ್ಚುಗಳು ವ್ಯಾನ್ ಥರದ ಗಾಡಿ ಕೊಂಡವು. ವಿಮೆ ರದ್ದಾದಾಗ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತಂದರು. ರಾಬಿನ್ಸನ್ ತಾವೇ ಬೆಳಗ್ಗೆ, ಸಂಜೆ ಕಾರು ಓಡಿಸ್ತಿದ್ದರು. ಅವರ ಕಿಟಕಿಗೆ ಕಲ್ಲು ಬಿತ್ತು, ಕಾರಿನ ಮೇಲೆ ಆಸಿಡ್ ಸುರಿದರು. ಆ ತೂತುಗಳ ಕಾರನ್ನೇ ಅವರು 1960ರ ತನಕ ಇಟ್ಟುಕೊಂಡಿದ್ದರು. ಬಿಳಿಯ ಗೃಹಿಣಿಯರೂ ಮನೆಗೆಲಸದವರು ಬರದಿದ್ದರೆ ಕಷ್ಟ ಅಂತ ತಾವೇ ಹೋಗಿ ಕರ್ಕೊಂಡು ಬರ್ತಿದ್ದರು. ಮೇಯರ್ ಅದಕ್ಕೂ ಬೇಸರ ಮಾಡಿಕೊಂಡ. ಉಳಿದವರು ನಡೆದರು. ಮಳೆಯಲ್ಲೂ ನಡೆದರು.

ಪೆಟ್ರೋಲಿಗೆ ದುಡ್ಡು ಎಲ್ಲಿಂದ ಅಂತೀರಾ? ಅದರಲ್ಲಿ ಅಡುಗೆಮನೆಗಳ ಪಾಲೂ ಇತ್ತು. ಜಾರ್ಜಿಯಾ ಗಿಲ್ಮೋರ್ ಅಂತ ಅಡುಗೆಯವರು. ನೀವು ಹೇಳಿದ್ರಲ್ಲ ರೊಕ್ಕ ತಗೊಂಡು ಗಾಡಿ ಬಿಡೋದು, ಅದು ಅವರಿಗೇ ಆಗಿತ್ತು. ರೋಸಾ ಬಂಧನಕ್ಕೂ ಎರಡು ತಿಂಗಳ ಮೊದಲೇ ಒಬ್ಬರೇ ಬಸ್ ಬಿಟ್ಟಿದ್ದರು. ಹೋರಾಟ ಶುರುವಾದಾಗ ಅಕ್ಕಪಕ್ಕದ ಹೆಂಗಸರನ್ನ ಸೇರಿಸಿ ಕೋಳಿ ಕರಿದು, ಸ್ಯಾಂಡ್‌ವಿಚ್, ಕೇಕ್, ಸಿಹಿಗೆಣಸಿನ ಪೈ ಮಾಡಿ ಮಾರಿದರು. ಕ್ಷೌರದಂಗಡಿಗೆ, ಬ್ಯೂಟಿ ಪಾರ್ಲರಿಗೆ ಹೋಗಿ ಮಾರಿದರು. ವಾರವಾರ ಸಭೆಯಲ್ಲಿ ಎದ್ದು ನಿಂತು ದುಡ್ಡು ಒಪ್ಪಿಸ್ತಿದ್ದರು. ಸಂಘಕ್ಕೆ ಅವರಿಟ್ಟ ಹೆಸರಿನ ಅರ್ಥ "ಎಲ್ಲಿಯದೂ ಅಲ್ಲದ ಕ್ಲಬ್ಬು". ಯಾರಾದರೂ ದುಡ್ಡು ಎಲ್ಲಿಂದ ಬಂತು ಅಂದರೆ ಎಲ್ಲಿಂದಲೂ ಇಲ್ಲ ಅಂದರೆ ಸಾಕು, ಮಾಡಿದ ಹೆಂಗಸರ ಕೆಲಸ ಉಳೀತಿತ್ತು. ಗಿಲ್ಮೋರ್ ಅವರದ್ದು ಉಳಿಯಲಿಲ್ಲ. 1956ರ ಮಾರ್ಚಿನಲ್ಲಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದಕ್ಕೆ ಹೋಟೆಲಿನ ಕೆಲಸ ಹೋಯಿತು. ಮನೆಯಲ್ಲೇ ಊಟ ಹಾಕೋಕೆ ಶುರು ಮಾಡಿದರು, ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಗೆ ಊಟಕ್ಕೆ ಬರ್ತಿದ್ದರು.

ಕುಡ್ಲದ ಸಾವಿತ್ರಿ · ಬುಧವಾರ, ರಾತ್ರಿ 9:00

ಸೀಟಿನ ಮಾತು ಬಂದದ್ದರಿಂದ ನಮ್ಮ ಮಂಗಳೂರಿನ ಒಂದು ಹೆಸರನ್ನು ಇಲ್ಲಿ ಬರೆಯುತ್ತೇನೆ. ಕಮಲಾದೇವಿ ಚಟ್ಟೋಪಾಧ್ಯಾಯರು, 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, 1941ರಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ ಪ್ರಯಾಣ ಮಾಡುತ್ತಿದ್ದರು. ಲೂಸಿಯಾನಾದಲ್ಲಿ ರೈಲಿನ ಟಿಕೆಟ್ ಕಲೆಕ್ಟರ್ ಬಂದು ಬಿಳಿಯರ ಡಬ್ಬಿಯಿಂದ ಎದ್ದು ಹೋಗಿ ಅಂದ. ಅವರು ಏಳಲಿಲ್ಲ. ಸೀರೆ ಉಟ್ಟ ಇವರು ಹೊರದೇಶದವರಿರಬೇಕು ಅಂತ ಅವನಿಗೆ ಅನುಮಾನ ಬಂತು, ಯಾವ ದೇಶ ಅಂತ ಕೇಳಿದ. ಪರದೇಶದವರು ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಭಾರತದವಳು ಅಂದರು, ಆದರೆ ಅದರಿಂದೇನೂ ವ್ಯತ್ಯಾಸವಿಲ್ಲ, ನಾನೂ ಬಣ್ಣದ ಹೆಂಗಸೇ, ಇಲ್ಲಿಂದ ಕದಲುವುದಿಲ್ಲ ಅಂತಲೂ ಸೇರಿಸಿದರು. ಅವನು ಸುಮ್ಮನೆ ಹೊರಟುಹೋದ. ರೋಸಾ ಪಾರ್ಕ್ಸ್ ಘಟನೆಗೆ 14 ವರ್ಷ ಮೊದಲು.

ಹಾಗಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಕಮಲಾದೇವಿಯವರು ಮುಂದಿನ ಊರಿಗೆ ಹೋಗಬಹುದಿತ್ತು, ರೋಸಾ ಮರುದಿನವೂ ಅದೇ ಊರಿನಲ್ಲಿ ಇರಬೇಕಿತ್ತು.

ಇನ್ನೊಬ್ಬರ ಹೆಸರೂ ಇರಲಿ: ಜೂಲಿಯೆಟ್ ಮಾರ್ಗನ್, ಮಾಂಟ್‌ಗೊಮರಿಯ ಬಿಳಿಯ ಗ್ರಂಥಪಾಲಕಿ. ಬಹಿಷ್ಕಾರ ಶುರುವಾದ ಮರುವಾರವೇ ಸ್ಥಳೀಯ ಪತ್ರಿಕೆಗೆ ಪತ್ರ ಬರೆದು, ಈ ನಡಿಗೆಯನ್ನು ಗಾಂಧೀಜಿಯ ದಂಡಿ ಯಾತ್ರೆಗೆ ಹೋಲಿಸಿದರು. ಅವರ ಜಾತಿಬಾಂಧವರೇ, ಹಾಗನ್ನಬಹುದಾದರೆ, ಅವರನ್ನು ಹಿಂಸಿಸಿದರು. 1957ರಲ್ಲಿ ಪ್ರಾಣ ಕಳೆದುಕೊಂಡರು.

ಅಕ್ಷರ ಸಂಗಾತಿ · ಗುರುವಾರ, ಬೆಳಗ್ಗೆ 7:30

ಹೈಲ್ಯಾಂಡರ್ ಶಾಲೆಯ ಹೆಸರು ಬಂದದ್ದಕ್ಕೆ ಬರೀತಿದ್ದೇನೆ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಮೂರು ವರ್ಷ ರಾತ್ರಿ ತರಗತಿ ನಡೆಸಿದವನು ನಾನು. ರೋಸಾ ಹೋಗಿದ್ದ ಆ ಶಿಬಿರದಲ್ಲಿ ಪಾಠ ಹೇಳಿದವರು ಸೆಪ್ಟಿಮಾ ಕ್ಲಾರ್ಕ್. ನನ್ನ ಮಟ್ಟಿಗೆ ಈ ಇಡೀ ಕಥೆಯ ತಾಯಿಬೇರು ಅವರೇ.

1898ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದವರು, ನಲವತ್ತು ವರ್ಷ ಶಾಲಾ ಶಿಕ್ಷಕಿ. 1956ರಲ್ಲಿ, ಎನ್‌ಎಎಸಿಪಿ ಸದಸ್ಯತ್ವ ಬಿಡೋಲ್ಲ ಅಂದಿದ್ದಕ್ಕೆ ಕೆಲಸದಿಂದ ತೆಗೆದರು, ಪಿಂಚಣಿಯೂ ಹೋಯಿತು. ಆ ರಾಜ್ಯದಲ್ಲಿ ಮತದಾರರ ಪಟ್ಟಿಗೆ ಸೇರಬೇಕಾದರೆ ರಾಜ್ಯ ಸಂವಿಧಾನದ ಒಂದು ಭಾಗ ಓದಿ ತೋರಿಸಿ ಸಹಿ ಮಾಡಬೇಕಿತ್ತು. ಓದು ಬಾರದವರಿಗೆ ಮತವಿಲ್ಲ. ಹತ್ತಿರದ ಜಾನ್ಸ್ ದ್ವೀಪದಿಂದ ಜನರನ್ನು ಪಟ್ಟಣಕ್ಕೆ ಕೆಲಸಕ್ಕೆ ಕರೆದೊಯ್ಯುತ್ತಿದ್ದ ಈಸಾ ಜೆಂಕಿನ್ಸ್ ತಮ್ಮ ಬಸ್ಸಿನಲ್ಲೇ ಅವರಿಗೆ ಆ ಪಾಠ ಹೇಳ್ತಿದ್ದರು. (ಕಾಕಾ, ಇದು ನಿಮಗಾಗಿ.) ಅದನ್ನೇ ಶಾಲೆ ಮಾಡೋಣ ಅಂತ 1957ರ ಜನವರಿಯಲ್ಲಿ ಹದಿನಾಲ್ಕು ಜನರ ಮೊದಲ ತರಗತಿ ಶುರುವಾಯಿತು. ಮುಂದುಗಡೆ ಕಿರಾಣಿ ಅಂಗಡಿ, ಹಿಂದಿನ ಕೋಣೆಯಲ್ಲಿ ಪಾಠ. ಬಿಳಿಯರಿಗೆ ಅನುಮಾನ ಬರಬಾರದು ಅಂತ ಈ ಏರ್ಪಾಡು. ಟೀಚರ್ ಆಗಿ ಬಂದವರು ಕ್ಲಾರ್ಕ್ ಅವರ ನೆಂಟರು ಬರ್ನೀಸ್ ರಾಬಿನ್ಸನ್, ತಲೆಕೂದಲು ಸಿಂಗರಿಸುವ ಕೆಲಸದವರು. ಬೇಕೆಂದೇ ಅವರನ್ನು ಆರಿಸಿದ್ದು. ಮೊದಲ ದಿನ, ನಾನು ನಿಮ್ಮ ಟೀಚರ್ ಅಲ್ಲ, ಎಲ್ಲರೂ ಸೇರಿ ಕಲಿಯೋಣ, ನಿಮಗೆ ಏನು ಬೇಕು ಹೇಳಿ ಅಂದರಂತೆ. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಮನಿಯಾರ್ಡರ್ ಫಾರಂ ತುಂಬಬೇಕು ಅಂದರು. ಅದೇ ಪಠ್ಯವಾಯಿತು.

ನಮ್ಮ ತರಗತಿಗೆ ಅರವತ್ತು ದಾಟಿದ ಒಬ್ಬ ಅಜ್ಜಿ ಬರುತ್ತಿದ್ದರು. ಕುಡುಗೋಲು ಹಿಡಿದ ಕೈ, ಬಳಪ ಹಿಡಿದರೆ ಪಟ್ಟನೆ ಮುರಿಯುತ್ತಿತ್ತು. ಬರಬರುತ್ತಾ ಬೆರಳಿನ ಬಿಗಿ ಸಡಿಲವಾಯಿತು. ಎರಡನೇ ತಿಂಗಳಲ್ಲಿ ಸೊಸೈಟಿಯ ಪುಸ್ತಕದಲ್ಲಿ ಹೆಬ್ಬೆಟ್ಟಿನ ಮಸಿ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿ ಸಹಿ ಹಾಕಿದರು. ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. ಜಾನ್ಸ್ ದ್ವೀಪದ ಆ ಹದಿನಾಲ್ಕು ಜನರ ಬಗ್ಗೆ ಓದಿದಾಗ ನನಗೆ ಆ ಅಜ್ಜಿಯೇ ಕಂಡರು.

ಆ ಹಿಂದಿನ ಕೋಣೆಯಿಂದ ದಕ್ಷಿಣದ ರಾಜ್ಯಗಳಿಗೆಲ್ಲ ಇಂಥ ಶಾಲೆಗಳು ಹಬ್ಬಿದವು. ಆದರೂ ಕಿಂಗ್ ಅವರ ಸಂಸ್ಥೆಯ ಸಭೆಗಳಲ್ಲಿ "ಈಕೆ ಯಾಕೆ ಇಲ್ಲಿದ್ದಾರೆ" ಅಂತ ಗಂಡಸರು ಕೇಳ್ತಿದ್ದರು ಅಂತ ಕ್ಲಾರ್ಕ್ ಮುಂದೆ ನೆನೆದಿದ್ದಾರೆ.

ನಿರಂತರ · ಗುರುವಾರ, ಬೆಳಗ್ಗೆ 10:15

ಕಪ್ಪು ಜನರ ಹಕ್ಕಿಗಾಗಿ ನಡೆದ 1963ರ ವಾಷಿಂಗ್ಟನ್ ಜಾಥಾದಲ್ಲೂ ಅದೇ. ಮುಖ್ಯ ಭಾಷಣಕಾರರ ಸಾಲಿನಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಸಂಘಟನಾ ಸಮಿತಿಯಲ್ಲಿದ್ದ ಅನ್ನಾ ಅರ್ನಾಲ್ಡ್ ಹೆಡ್ಜ್‌ಮನ್ ತಕರಾರು ತೆಗೆದ ಮೇಲೆ ಹೋರಾಟಗಾರ್ತಿಯರಿಗೆ ಒಂದು ಗೌರವಾರ್ಪಣೆ ಅಂತ ಸೇರಿಸಿದರು, ಡೇಸಿ ಬೇಟ್ಸ್ ಚಿಕ್ಕ ಮಾತಾಡಿದರು.

ಮೊನ್ನೆಯ ನನ್ನ ಆಕ್ಷೇಪದ ಅರ್ಧ ಭಾಗ ವಾಪಸ್ ತಗೋತೀನಿ. ಕೋರ್ಟು ಬಾಗಿಲು ತೆಗೆಯಿತು ನಿಜ. ಆದರೆ ಆ 381 ದಿನ ಜನ ನಡೆಯದೇ ಹೋಗಿದ್ದರೆ ಆ ನಾಲ್ವರು ಕಟಕಟೆಯಲ್ಲಿ ಒಂಟಿಯಾಗಿ ನಿಲ್ಲಬೇಕಿತ್ತು.

ಡ್ರೈವರ್ ಕಾಕಾ, ಹುಬ್ಬಳ್ಳಿ · ಗುರುವಾರ, ಮಧ್ಯಾಹ್ನ 12:40

ಅಕ್ಷರ ಸಂಗಾತಿ ಸರ್, ಬಸ್ಸಿನಾಗ ಸಾಲಿ ನಡಸಿದ ಆ ಮನಶ್ಯಾಗ ಇಲ್ಲಿಂದನ ಕೈ ಮುಗೀತೀನಿ. ನನ್ನ ಮೊಮ್ಮಗಳು ಇನ್ನೊಂದು ಓದಿ ಹೇಳಿದಳು. ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ಅನ್ನೂ ಬಾಯಾರು, ಹತ್ತಿ ಬಿಡಸೂ ಕೂಲಿಯವರು, 1962ರ ಆಗಸ್ಟ್ 31ಕ್ಕ ಇನ್ನೂ 17 ಮಂದಿ ಜೋಡಿ ಮತದಾರರ ಪಟ್ಟಿಗೆ ಹೆಸರು ಹಚ್ಚಲಿಕ್ಕೆ ಬಸ್ಸಿನಾಗ ಹೋಗಿದ್ರಂತ. ವಾಪಸ್ ಬರೂಮುಂದ ಪೊಲೀಸರು ಗಾಡಿ ತಡದು, ನಿಮ್ಮ ಬಸ್ಸಿನ ಹಳದಿ ಬಣ್ಣ ಭಾಳಾತು, ಸಾಲಿ ಬಸ್ಸಿನಂಗ ಕಾಣಸ್ತದ ಅಂತ ದಂಡಾ ಹಾಕಿದ್ರು. ಒಳಗಿದ್ದವರೆಲ್ಲಾ ಅಂಜಿದ್ರು. ಆ ಬಾಯಾರು ಹಾಡ್ಲಿಕ್ಕೆ ಚಾಲೂ ಮಾಡಿದ್ರು. ಆ ರಾತ್ರಿನ, 18 ವರ್ಷ ದುಡದ ತ್ವಾಟದ ಮಾಲಕ ಮನಿ ಬಿಡಸಿದ.

ಸಮಾಜ ಮೇಡಂ · ಶುಕ್ರವಾರ, ಸಂಜೆ 5:10

ಇವತ್ತು ಎರಡು ಪೀರಿಯಡ್ ತಗೊಂಡೆ. ನೀವೆಲ್ಲ ಬರೆದದ್ದನ್ನ ಹೇಳಿದೆ. ಕ್ಲಾಡೆಟ್ ವಿಷಯ ಹೇಳೋದಾ ಬೇಡವಾ ಅಂತ ರಾತ್ರಿಯೆಲ್ಲ ಯೋಚನೆ ಇತ್ತು. ಪೂರ್ತಿ ಹೇಳಿದೆ, ಬಸುರಿಯಾದದ್ದನ್ನೂ ಸೇರಿಸಿ. ಯಾರೂ ನಗಲಿಲ್ಲ. ಒಬ್ಬಳು ಮಾತ್ರ, ಆ ಹುಡುಗ ಯಾರು ಅಂತ ಯಾರೂ ಕೇಳಲಿಲ್ವಾ ಮಿಸ್ ಅಂದಳು.

ಆಮೇಲೆ ರಾಬಿನ್ಸನ್ ಅವರ ಕರಪತ್ರವನ್ನ ಕನ್ನಡದಲ್ಲಿ ಬರೀರಿ ಅಂದೆ. ಒಂದು ಹಾಳೆಗೆ ಮೂರು ಸಲ. ಸ್ಕೇಲ್ ಇಟ್ಟು ಹರಿದರು. ಹದಿನೆಂಟು ಹಾಳೆ ಮುಗಿಯೋಷ್ಟರಲ್ಲಿ ಕೈ ನೋವು ಅಂತ ಶುರುವಾಯಿತು. ಸ್ಟೆನ್ಸಿಲ್ ಅಮ್ಮ ಹೇಳಿದ ಉಗುರಿನ ಮಸಿ ನೆನಪು ಮಾಡಿದೆ, ಮತ್ತೆ ಬರೆದರು.

ಮೊದಲು ಪ್ರಶ್ನೆ ಕೇಳಿದ್ದ ಹುಡುಗಿ ಗಂಟೆ ಹೊಡೆದ ಮೇಲೂ ಹೋಗಲಿಲ್ಲ. ಟೇಬಲ್ ಹತ್ತಿರ ಬಂದು ಕೇಳಿದಳು: "ರಾತ್ರಿಯೆಲ್ಲ ನಿದ್ದೆಯಿಲ್ಲ ಅಲ್ವಾ ಮಿಸ್? ಬೆಳಗ್ಗೆ ಅವರು ಕಾಲೇಜಿಗೆ ರಜೆ ಹಾಕಿದ್ರಾ?"

ಇಲ್ಲ ಅಂದೆ. ಎಂಟು ಗಂಟೆಗೆ ಕ್ಲಾಸಿತ್ತು, ಪಾಠ ಮಾಡಿದರು. ಮುಗಿದ ಮೇಲೆ ಆ ಇಬ್ಬರು ವಿದ್ಯಾರ್ಥಿಗಳನ್ನ ಕಾರಲ್ಲಿ ಕೂರಿಸಿಕೊಂಡು, ಕಟ್ಟು ಕಟ್ಟಿದ ಕರಪತ್ರಗಳನ್ನ ಶಾಲೆಗಳಿಗೆ, ಅಂಗಡಿಗಳಿಗೆ, ಕ್ಷೌರದಂಗಡಿಗಳಿಗೆ ಇಳಿಸ್ತಾ ಹೋದರು.